ಮೊದಲ ಹದಿನಾಲ್ಕು ಸೆಕೆಂಡು

ತಿರುನಾರಾಯಣ ಮೇಷ್ಟ್ರೇ, ಒಪ್ಪಿದೆ,
ವೀಣೆ ಹಾಕಬೋದಿತ್ತು. ಕೊಳಲೂ ಸಿಗ್ತಿತ್ತು ಪುಕ್ಕಟೆ.
ನಿಮ್ಮ ಸರಸ್ವತಿಪುರಂ ಅಲ್ಲ ಇದು,
ಗುತ್ತಲು ರಸ್ತೆ, ಗೊಬ್ಬರದಂಗಡಿಯ ಹಿಂದಲ ಕೋಣೆ;
ಯೂರಿಯಾ ಮೂಟೆ ಮಧ್ಯೆ ಕೂತು
ನಾನು ಪಾಡ್‌ಕಾಸ್ಟು ಮಾಡೋದು.
ಮೂಟೆ ಖಾಲಿಯಾದ್ರೆ ಗೋಡೆ ಮಾತು ವಾಪಸ್ ಕೊಡ್ತದೆ,
ಆವತ್ತು ಯಾಪಾರ ಜೋರು ಅಂತ ತಿಳೀರಿ.

ಶುರುವಲ್ಲಿ ಬರೋ ಕ್ಲಾರಿನೆಟ್ಟು
ಕೆರಗೋಡಿನ ಚಿಕ್ಕಮರಿಯಣ್ಣಂದು.
ಮೂವತ್ತು ವರ್ಷ ದಿಬ್ಬಣದ ಮುಂದೆ
ಗಂಡಿನ ಮುಖ ನೋಡ್ತಾ, ಹಿಂದಿಂದಕ್ಕೆ ನಡೀತಾ
ಊದಿದ ಆಸಾಮಿ.
ನಿಷಾದ ಜಾರ್ತದೆ ಅಂದ್ರಿ. ಹೌದು,
ಅಲ್ಲಿ ಅವನಿಗೊಂದು ಹಲ್ಲಿಲ್ಲ.
ಆಮೇಲಿನ ಗರಗರ ಕಬ್ಬಿನ ಟ್ರ್ಯಾಕ್ಟರು.
ಕತ್ತರಿಸೋಕೆ ನಂಗೆ ಬರಲ್ಲ,
ಬಂದಿದ್ರೂ...

ಅಂಗಡಿ ಮುಂದೆ ನಿಂತು ಊದ್ತಿದ್ದ ಮೇಷ್ಟ್ರೇ.
ಟ್ರ್ಯಾಕ್ಟರಿಗೆ ದಾರಿ ಬಿಟ್ಟ, ಸ್ವರ ಬಿಡಲಿಲ್ಲ,
ಕೊನೇ ಜಲ್ಲೆ ದಾಟೋವರೆಗೂ ಅದರ ಮೇಲೇ ಕಾದ.
ಆ ಕಾಯೋದು ಯಾವ ರಾಗ ಹೇಳಿ,
ಕಲೀತೀನಿ.

ಕೇಳೋರು ಹತ್ತೊಂಬತ್ತು ಮಂದಿ, ನಿಮ್ಮನ್ನೂ ಸೇರಿಸಿ.
ಚಿಕ್ಕಮರಿಯಣ್ಣನೂ ಕೇಳ್ತಾನೆ,
ಮಾತು ಶುರುವಾಯ್ತಿದ್ದಂಗೆ ಆಫ್ ಮಾಡ್ತಾನೆ.

ಆಯ್ತು ಬುಡಿ, ಮುಂದಿನ ವಾರ
ಒಸಿ ಸಣ್ಣಗೆ ಇಡ್ತೀನಿ
ನನ್ನ ಮಾತ.