ಹಗ್ಗದ ತುದಿ

'ಮುಖ್ಯ ಅತಿಥಿ ಲಾಕ್ಲನ್ ಮ್ಯಾಕ್‌ಫೀ ಅವರಿಂದ
ಸ್ಫೂರ್ತಿಯ ನುಡಿ, ಹನ್ನೊಂದೂವರೆಗೆ':
ಆಹ್ವಾನ ಪತ್ರಿಕೆಯಲ್ಲಿ ಹಾಗೆ ಅಚ್ಚು ಹಾಕಿಸಿದವಳು ನಾನೇ.

ಬಂದರು. ಕೈ ಕೊಯ್ಯುವಂಥ ಇಸ್ತ್ರಿಗೆರೆಯ ಕಿಲ್ಟು,
ಬಲಗೈಯಲ್ಲಿ ಎರಡೇ ಬೆರಳು.
ಉಳಿದ ಮೂರು, ಮಿಂಚ್ ಕಡಲಲ್ಲಿ
ದೋಣಿಯ ರಾಟೆಗೆ ಕೊಟ್ಟು ಬಂದದ್ದು.
ಮೈಕಿನ ಮುಂದೆ ಕೆಮ್ಮಿದರು.
"ನೆಲ ಚೆನ್ನಾಗಿ ನೆನೆದಿದೆ," ಅಂದರು. ಅಷ್ಟೇ.
ಚಪ್ಪಾಳೆ ಎಲ್ಲಿ ಶುರು ಮಾಡಬೇಕೋ
ಯಾರಿಗೂ ತಿಳಿಯಲಿಲ್ಲ.

ಆಮೇಲೆ ಹಗ್ಗಜಗ್ಗಾಟ. ಐದನೇ ತರಗತಿಗೆ
ಒಂದಾಳು ಕಡಿಮೆ; ಮುರ್ಡಿನಾಳಿಗೆ ಜ್ವರ.
ಯಾರೂ ಕರೆಯಲಿಲ್ಲ. ಕುರ್ಚಿ ಬಿಟ್ಟೆದ್ದು
ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡರು.
"ಎಳೆಯಬೇಡಿ ಮಕ್ಕಳೇ, ಮೊದಲು ನಿಲ್ಲಿ."

ನಿಂತರು ಅನ್ನುವಷ್ಟರಲ್ಲಿ ಜಾರಿದರು.
ಏಳು ಮಕ್ಕಳು, ಒಬ್ಬ ಅತಿಥಿ, ಕೆಸರಲ್ಲಿ
ಒಂದೇ ಬಲೆಯ ಮೀನುಗಳ ಹಾಗೆ.
ಸೋತರು. ಎರಡನೇ ಸಲವೂ.
ಮೂರನೇ ಸಲ, ನಿಯಮದಲ್ಲಿ ಇಲ್ಲದಿದ್ದರೂ,
ತಾವೇ ಕೇಳಿಕೊಂಡು ಸೋತರು.

ಸೋಮವಾರ ಪ್ರಬಂಧ: 'ಅತಿಥಿಯಿಂದ ನಾನು ಕಲಿತದ್ದು.'
ಮುರ್ಡಿನಾಳ ತಮ್ಮ ಬರೆದದ್ದು ಒಂದೇ ಸಾಲು:
'ಅವರು ಹಗ್ಗ ಬಿಡಲಿಲ್ಲ,
ಯಾಕೆಂದರೆ ಅದು ಅವರಿಗೇ ಕಟ್ಟಿತ್ತು.'

ಹತ್ತಕ್ಕೆ ಎಷ್ಟು ಕೊಡಲಿ ಎಂದು
ಕೆಂಪು ಪೆನ್ನು ಹಿಡಿದು ಇನ್ನೂ ಕೂತಿದ್ದೇನೆ.