ಒಣ ತೂಕ

ಯಂತ್ರಕ್ಕೆ ಜೋಡಿಸುವ ಮೊದಲು ಒಮ್ಮೆ ತೂಗುತ್ತಾರೆ,
ಬಿಡಿಸಿದ ಮೇಲೆ ಇನ್ನೊಮ್ಮೆ.
ನೀರೆಲ್ಲ ಹೋಗಿ ಉಳಿದದ್ದಕ್ಕೆ ಒಣ ತೂಕ ಎಂದು ಹೆಸರು.
ನನ್ನದು ಐವತ್ತೆಂಟೂವರೆ.
ರೊವೇನಾ ಅದನ್ನು ಚೀಟಿಯಲ್ಲಿ ಬರೆದು
ಗೋಣು ಆಡಿಸುತ್ತಾಳೆ, ಒಣಮೀನು ತೂಗುವವಳ ಹಾಗೆ.

ಮುಹರ್ರಕ್‌ನ ಈ ಆಸ್ಪತ್ರೆಯಲ್ಲಿ ಹನ್ನೆರಡು ಕುರ್ಚಿ.
ಐದನೆಯದು ನನ್ನದು, ಆರನೆಯದು ಬೂ ಯೂಸುಫರದು.
ನಾನು ಉಪ್ಪಿನಂಗಡಿಯ ದರ್ಜಿ.
ಇಪ್ಪತ್ತಾರು ವರ್ಷ ಇಲ್ಲಿಯವರ ಭುಜ ಅಳೆದವನು;
ನನ್ನ ತೋಳಿಗೇ ಸೂಜಿ ಬಂದಾಗ
ನೂಲು ಯಾವುದು ನೆತ್ತರು ಯಾವುದು ಎಂದು
ಮೊದಮೊದಲು ತಿಳಿಯುತ್ತಿರಲಿಲ್ಲ.

ಬೂ ಯೂಸುಫರ ಅಪ್ಪ ಮುತ್ತಿನ ದೋಣಿಯವರು.
ಕಡಲ ತಳದಲ್ಲಿ ಸಿಹಿನೀರು ಉಕ್ಕುವ ತಾವು ಗೊತ್ತಿತ್ತಂತೆ.
ಚರ್ಮದ ಚೀಲ ಕಂಕುಳಲ್ಲಿ ಅದುಮಿಕೊಂಡು ಮುಳುಗಿ
ಬುಗ್ಗೆಯ ಬಾಯಿಗೆ ಹಿಡಿದು ತುಂಬಿ ತರುತ್ತಿದ್ದರಂತೆ.
ದಿನಕ್ಕೆ ಮೂರೇ ಲೋಟದ ಲೆಕ್ಕದ ನಾವಿಬ್ಬರು
ಈ ಕಥೆಯನ್ನು ಎಷ್ಟು ಸಲ ಕುಡಿದೆವೋ.

‘ಈ ದ್ವೀಪವೂ ನಮ್ಮ ಹಾಗೇ, ದರ್ಜಿ,
ಕಡಲನ್ನು ಸೋಸಿ ಸೋಸಿ ಜೀವ ಹಿಡಿದಿದೆ.
ಕರೆಂಟು ಹೋದರೆ ಮುಗಿಯಿತು.’

ಹಬ್ಬಕ್ಕೊಂದು ತೋಬ್ ಹೊಲಿ ಅಂದರು.
ಟೇಪು ಜೇಬಿನಲ್ಲೇ ಇತ್ತು.
ಯಂತ್ರಕ್ಕೆ ಮುಂಚಿನ ಅಳತೆಯೋ, ಆಮೇಲಿನದೋ? ಕೇಳಿದೆ.
ನಕ್ಕರು. ನಳಿಗೆಗಳೂ ಕುಲುಕಿದವು.
ಎರಡರ ನಡುವಿನದು, ಅಂದರು.

ಆಮೇಲೆ ಅದು ಬಂತು.

ಬಾಗಿಲಲ್ಲೇ ಹಣೆಗೆ ಬಂದೂಕಿನಂಥದ್ದು ಹಿಡಿದು ಒಳಗೆ ಬಿಟ್ಟರು.
ನಾಲ್ಕು ಯಂತ್ರಗಳನ್ನು ಗಾಲಿಯ ಮೇಲೆ
ಮೇಲಿನ ವಾರ್ಡಿಗೆ ದೂಡಿಕೊಂಡು ಹೋದರು.
ಅಲ್ಲಿ ಉಸಿರು ಸೋತವರ ಮೂತ್ರಪಿಂಡವೂ ಸೋಲುತ್ತದಂತೆ.
ತಪ್ಪು ಅಂತ ಹೇಗೆ ಹೇಳಲಿ.
ನಮ್ಮ ನಾಲ್ಕು ಗಂಟೆ ಮೂರಾಯಿತು,
ವಾರದ ಮೂರು ದಿನ ಎರಡಾಯಿತು,
ಲೋಟ ಎರಡಾಯಿತು. ಹೊರಗೆ ನಲವತ್ತೆರಡು ಡಿಗ್ರಿ.
ನಾಲಗೆಯ ಮೇಲೊಂದು ಐಸಿನ ಚೂರು ಇಟ್ಟುಕೊಂಡು
ಶಟರು ಎಳೆದ ಅಂಗಡಿಯೊಳಗೆ ಕೂತು
ತೋಬಿನ ಕಾಲರು ತಿರುವಿದೆ.

ತಂಗಿಯದು ಹೊಂದುತ್ತದೆ ಎಂದು ವರದಿ ಬಂದಿತ್ತು.
ಮರಿಯಮ್ಮು ಟಿಕೇಟು ತೆಗೆದಿದ್ದಳು. ವಿಮಾನ ನಿಂತವು.
ಫೋನಿನಲ್ಲಿ ಅಂದಳು:
‘ನಿನ್ನದನ್ನು ಇಲ್ಲೇ ಜೋಪಾನ ಮಾಡಿಟ್ಟಿದ್ದೇನೆ ಕಾಕಾ,
ಉಪ್ಪು ಕೂಡ ಕಡಿಮೆ ತಿನ್ನುತ್ತಿದ್ದೇನೆ.’

ಒಂದು ಶನಿವಾರ ಬೂ ಯೂಸುಫರಿಗೆ ಸಣ್ಣ ಜ್ವರ.
ಸೂಜಿ ಚುಚ್ಚಿದಲ್ಲಿ ಕೀವು, ಅದರದೇ ಇರಬೇಕು.
ಮೂಗಿನ ಪರೀಕ್ಷೆಯ ಉತ್ತರ ಬರುವ ತನಕ ಕುರ್ಚಿಯಿಲ್ಲ ಎಂದರು.
ಭಾನುವಾರ ಕಾದರು. ಸೋಮವಾರ.
ಉತ್ತರ ಬಂತು: ನೆಗೆಟಿವ್.
ಅಷ್ಟರಲ್ಲಿ ನೀರು ಎದೆಗೆ ಬಂದಿತ್ತು.

ಉಸಿರು ಕಟ್ಟಿ ಕಡಲ ತಳ ಮುಟ್ಟಿ ಬಂದವರ ಮಗ
ಒಣನೆಲದ ಮೇಲೆ, ಹಾಸಿಗೆಯಲ್ಲಿ
ಮುಳುಗಿದರು.

ರಾತ್ರಿಯ ವಾರ್ತೆಯ ಅಂಕಿಯೊಳಗೆ ಅವರಿರಲಿಲ್ಲ.
ಆ ದಿನ ಸಾವು ಸೊನ್ನೆ.
ರೂಮಿನ ಹುಡುಗರು ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆನೋ ಏನೋ.

ಅವರ ಮಗನಿಗೆ ಕೊಡೋಣವೆಂದು
ತೋಬನ್ನು ಮಡಚಿ ಮಂಗಳವಾರ ಒಯ್ದೆ.
ಆಚೀಚೆ ಹೊಲಿಗೆಯೊಳಗೆ ಎರಡೆರಡು ಇಂಚು ಬಿಟ್ಟಿದ್ದೆ,
ಮೈ ತುಂಬಿಕೊಂಡರೆ ಬಿಚ್ಚಿ ಸಡಿಲಿಸಲು.
ಮಗ ಬಂದಿರಲಿಲ್ಲ. ಅವನ್ಯಾಕೆ ಬರುತ್ತಾನೆ ಇಲ್ಲಿಗೆ?
ಆರನೆಯ ಕುರ್ಚಿಯಲ್ಲಿ ಯಾರೋ ಹೊಸ ಹುಡುಗ,
ಕಾಲು ಅಲ್ಲಾಡಿಸುತ್ತಿದ್ದ.

ಚೀಲ ಕೆಳಗಿಡಲು ಮರೆತು ತಕ್ಕಡಿ ಹತ್ತಿದೆ.
ಅರ್ಧ ಕಿಲೋ ಹೆಚ್ಚು!
ಮುಖವಾಡದ ಮೇಲೆ ರೊವೇನಾಳ ಕಣ್ಣು ಕೆರಳಿದವು:
‘ನೀರು ಕುಡಿದೆಯಾ?’

ಹೂಂ, ಅಂದೆ.