ಮೀಟರ್ ಓದುವವಳ ಮೂರು ನಿಮಿಷ

ಹೆಸರು ಹೇಳಿ, ಅಕ್ಷರ ಬಿಡಿಸಿ ಹೇಳಿ ಅಂದರು.
ಲೆಂಪಿ ಕಾರ್ವೊನೆನ್. ಬರೆದುಕೊಳ್ಳುವ ಹುಡುಗಿ
ಎರಡು ಸಲ ತಪ್ಪಿದಳು. ಅಲ್ಲಿಗೇ ಇಪ್ಪತ್ತು ಸೆಕೆಂಡು ಹೋಯಿತು.

ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಗಳ. ಬುಟ್ಟಿಯ ಕೆಳಗೆ ಕಂಪನಿಯವರ ಮೇಜು,
ಮೇಜಿನ ಮೇಲೆ ಸ್ಥಾವರದ ಪುಟ್ಟ ಮಾದರಿ:
ಬಿಳಿ ಗೋಪುರ, ಸ್ಪಂಜಿನ ಮರ, ಹೊಗೆಯೇ ಇಲ್ಲ.
ಹೊರಗೆ ಮಿನ್ನೆಸೋಟದ ಜನವರಿ, ಸೊನ್ನೆಯ ಕೆಳಗೆ ಇಪ್ಪತ್ತೆಂಟು.

ನಾನು ತಂದಿದ್ದ ಹಳೇ ಮೀಟರನ್ನು ಅದರ ಪಕ್ಕ ಇಟ್ಟೆ.
ಗಾಜಿನ ಬುರುಡೆ, ಒಳಗೆ ಅಲ್ಯುಮಿನಿಯಂ ತಟ್ಟೆ,
ಐದು ಪುಟ್ಟ ಮುಖ; ಒಂದರ ಮುಳ್ಳು ಬಲಕ್ಕೆ ತಿರುಗಿದರೆ
ಪಕ್ಕದ್ದು ಎಡಕ್ಕೆ, ಹೊಂದಿಕೊಂಡ ಗಂಡಹೆಂಡಿರ ಹಾಗೆ.
ಮೂವತ್ತೊಂದು ವರ್ಷ ಇದನ್ನೇ ಓದಿದೆ,
ಬೈಬಲ್ಲಿಗಿಂತ ಜಾಸ್ತಿ.

ಮೀಟರ್ ಓದುವವಳಿಗೆ ಗೊತ್ತಾಗದ್ದು ಕಡಿಮೆ.
ಯಾರ ಫ್ರೀಜರಿನಲ್ಲಿ ಜಿಂಕೆ ಮುಗಿಯಿತು,
ಯಾರ ಮಗಳು ಮಗುವನ್ನೆತ್ತಿಕೊಂಡು ವಾಪಸು ಬಂದಳು,
ಯಾರು ಅಡುಗೆಮನೆಯೊಂದನ್ನೇ ಬೆಚ್ಚಗಿಟ್ಟು
ಕೋಟು ಹೊದ್ದು ಮಲಗುತ್ತಾರೆ,
ಎಲ್ಲ ಆ ತಟ್ಟೆ ತಿರುಗುವ ಗತಿಯಲ್ಲೇ ಕಾಣುತ್ತದೆ.
ನಾಯಿ ಕಚ್ಚಿದ್ದು ಒಂಬತ್ತು ಸಲ. ಕಾಫಿ ಕೊಟ್ಟದ್ದು ಲೆಕ್ಕವಿಲ್ಲ.

ನೀವು ಹೇಳುತ್ತೀರಿ: ಕಲ್ಲಿದ್ದಲನ್ನು ಹಾಗೇ ಸುಡುವುದಿಲ್ಲ,
ಬೇಯಿಸಿ ಅನಿಲ ಮಾಡುತ್ತೇವೆ, ಕೊಳೆ ತೆಗೆದು ಉರಿಸುತ್ತೇವೆ.
ಇರಲಿ. ಇದ್ದಿಲನ್ನು ಎಷ್ಟು ತೊಳೆದರೂ...
ಗಾದೆಯ ಉಳಿದರ್ಧ ಹೇಳಲು ಸಮಯ ಇಲ್ಲ.
ನನ್ನ ತಕರಾರು ಲೆಕ್ಕದ್ದು.
ಪುಟ ನೂರ ಹದಿನಾಲ್ಕು, ಅಡಿಟಿಪ್ಪಣಿ, ಇರುವೆಯಂಥ ಅಕ್ಷರ:
ಎರಡು ಬಿಲಿಯನ್ ಡಾಲರಿನ ಮೇಲೆ ಎಷ್ಟೇ ಏರಿದರೂ
ಅದು ಗ್ರಾಹಕರ ಬಿಲ್ಲಿಗೆ;
ಮೊದಲ ಯೂನಿಟ್ಟು ಹುಟ್ಟುವ ಐದು ವರ್ಷ ಮುಂಚಿನಿಂದಲೇ.
ಕೂಸು ಹುಟ್ಟುವ ಮೊದಲು ಕುಲಾವಿ ಹೊಲಿಸಿದವರನ್ನು ಕಂಡಿದ್ದೇನೆ.
ಕುಲಾವಿಯ ದುಡ್ಡನ್ನು ಪಕ್ಕದ ಮನೆಯಿಂದ
ತಿಂಗಳು ತಿಂಗಳು ವಸೂಲಿ ಮಾಡುವವರನ್ನು
ಇವತ್ತೇ ನೋಡಿದ್ದು.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಹಳದಿ ದೀಪ.

ಕಲ್ಲಿದ್ದಲು ರೈಲಿನಲ್ಲಿ ಎಲ್ಲಿಂದಲೋ ಬರುತ್ತದೆ,
ಕರೆಂಟು ತಂತಿಯಲ್ಲಿ ದಕ್ಷಿಣದ ಊರುಗಳಿಗೆ ಹೋಗುತ್ತದೆ,
ನಡುವೆ ನಾವು.
ಕಬ್ಬಿಣ ಮುಗಿದಾಗ ಗಣಿಯವರು ಬಿಟ್ಟುಹೋದದ್ದು ಒಂದು ಕೆಂಪು ಗುಂಡಿ.
ಅದರಲ್ಲಿ ನೀರು ನಿಂತಿತು; ಕೆರೆ ಅಂತ ಹೆಸರಿಟ್ಟು
ಮೀನು ಬಿಟ್ಟೆವು. ಅಷ್ಟು ಒಳ್ಳೆಯವರು ನಾವು.
ಆ ಒಳ್ಳೆತನವನ್ನೇ ನೀವು ಅಡವಿಟ್ಟು ಸಾಲ ಎತ್ತುತ್ತಿದ್ದೀರಿ.

ನನಗಿಂತ ಮುಂಚೆ ಮಾತಾಡಿದವನು ರೂಡಿ ಪ್ರೆಬಿಲ್, ಪೈಪು ಬೆಸೆಯುವವನು.
ಮೂರು ವರ್ಷದ ಕೆಲಸ ಸಿಗುತ್ತದೆ, ಮಗಳ ಹಲ್ಲಿಗೆ
ತಂತಿ ಕಟ್ಟಿಸಬೇಕು ಅಂದ. ಸಂಘದವರು ಚಪ್ಪಾಳೆ ಹೊಡೆದರು.
ಅವನಿಗೆ ಎದುರು ಹೇಳಲು ನನ್ನಲ್ಲಿ ಒಂದು ಅಂಕಿ ಇತ್ತು:
ನಾನು ಕೆಲಸ ಬಿಟ್ಟ ವರ್ಷ, ಹಿಮ ಕರಗುವುದನ್ನೇ ಕಾಯ್ದು
ಇದೇ ಕಂಪನಿ ಅವನ ಮನೆಯ ತಂತಿ ಕತ್ತರಿಸಿತ್ತು.
ಹನ್ನೊಂದು ದಿನ ಆ ತಟ್ಟೆ ಕದಲಲಿಲ್ಲ.
ಹೇಳಲಿಲ್ಲ.
ಓದಿದ್ದನ್ನೆಲ್ಲ ಗಟ್ಟಿಯಾಗಿ ಓದಬಾರದು.

ಕೆಂಪು ದೀಪ. ಮೈಕು ಸತ್ತಾಗ
ನಾನಿನ್ನೂ ಒಂದು ವಾಕ್ಯದ ನಡುವೆ ಇದ್ದೆ.

ಹೊರಗೆ ನನ್ನ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು.
ಸಾಲಿನ ಕೊನೆಯಿಂದ ರೂಡಿ ಟ್ರಕ್ಕು ತಂದು
ಮೂತಿಗೆ ಮೂತಿ ನಿಲ್ಲಿಸಿದ.
ಕೆಂಪು ಕೊಂಡಿ, ಕಪ್ಪು ಕೊಂಡಿ. ಮಾತಿಲ್ಲ;
ಉಸಿರುಗಳು ಮಾತ್ರ ಬಿಳಿಯಾಗಿ ಒಂದರೊಳಗೊಂದು ಹೋದವು.
ಎಂಜಿನ್ ಹಿಡಿಯಿತು.
ಎಷ್ಟಾಯಿತು ಬಿಲ್ಲು? ಅಂದೆ.
ಅವನು ಪಕ್ಕದ ಸೀಟಿನಲ್ಲಿದ್ದ ಮೀಟರಿಗೆ ಬೆಲ್ಟು ಬಿಗಿಯುತ್ತ
ಆ ಹನ್ನೊಂದು ದಿನ ನಿಮಗೆ ಗೊತ್ತಿತ್ತು, ಅಲ್ಲವಾ, ಅಂದ.
ಉತ್ತರಕ್ಕೆ ಕಾಯದೆ ಬಾಗಿಲು ಹಾಕಿದ.